ಗೋಡೆಯ ಮೇಲೆ ಗಾಳಿಯ ತೂಕ

ಮನೆಯನ್ನು ಅಲಂಕರಿಸುವ ವಸ್ತುಗಳಲ್ಲಿ ಬಹುಪಾಲು ನಮ್ಮ ಬಗ್ಗೆಯೇ ಮಾತನಾಡುತ್ತವೆ. ಚಿತ್ರಪಟ ನಮ್ಮ ಅಭಿರುಚಿಯನ್ನು ಹೇಳುತ್ತದೆ, ಕನ್ನಡಿ ನಮ್ಮ ಮುಖವನ್ನು ತೋರಿಸುತ್ತದೆ, ಗಡಿಯಾರ ಕೂಡ ನಮ್ಮ ದಿನಚರಿಗೆ ದುಡಿಯುವ ಆಳು. ಗಾಳಿಯ ಒತ್ತಡವನ್ನು ಅಳೆದು ಹವೆಯ ಬದಲಾವಣೆಯ ಸುಳಿವು ಕೊಡುವ ಹಳೆಯ ಬ್ಯಾರೋಮೀಟರ್ ಮಾತ್ರ ಮನೆಯವರ ಗೊಡವೆಗೆ ಹೋಗುವುದಿಲ್ಲ. ಗೋಡೆಯ ಮೇಲೆ ನೇತಾಡುತ್ತಿದ್ದರೂ ಅದರ ಗಮನವೆಲ್ಲ ಹೊರಗಿನ ಆಕಾಶದ ಮೇಲೆ. ಕಿಟಕಿ ಮುಚ್ಚಿ, ಪರದೆ ಎಳೆದರೂ ಅದಕ್ಕೆ ಎಲ್ಲವೂ ಗೊತ್ತಾಗುತ್ತದೆ.

ಈ ಉಪಕರಣದ ಮೇಲೆ ನನಗಿರುವ ಪ್ರೀತಿ ಬರಿಯ ಅಲಂಕಾರದ ಮೋಹವಲ್ಲ. ಮಹೋಗನಿಯ ಹೊಳಪು, ಬೆಳ್ಳಿ ಹಚ್ಚಿದ ಮುಖಫಲಕ, ಹಿತ್ತಾಳೆಯ ಅಂಚು ಎಲ್ಲವೂ ನನಗೆ ಇಷ್ಟವೇ. ಆದರೆ ಅಷ್ಟನ್ನೇ ನೋಡಿ ಮೆಚ್ಚುವವರನ್ನು ಕಂಡರೆ ಸಂಕಟವಾಗುತ್ತದೆ. ಬ್ಯಾರೋಮೀಟರ್ ಓದುವವರಿದ್ದಾಗ ಮಾತ್ರ ಬದುಕಿರುವ ವಸ್ತು. ಅದನ್ನು ಮಾಡಿದವರೂ ಹಾಗೆಂದೇ ಮಾಡಿದ್ದು. ಅದರ ಚೆಲುವಿನ ಒಂದೊಂದು ಅಂಶದ ಹಿಂದೆಯೂ ಓದುವವನ ಕಣ್ಣಿಗೆ ಅನುಕೂಲವಾಗಲಿ ಎಂಬ ಕಾಳಜಿ ಇದೆ.

ಕಥೆ ಶುರುವಾಗುವುದು ಬಾವಿಯ ಪಂಪಿನಿಂದ. ಎಳೆಯುವ ಪಂಪು ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ಎತ್ತಲಾರದು ಎಂಬುದು 17ನೇ ಶತಮಾನದ ಇಟಲಿಯ ಕೆಲಸಗಾರರಿಗೆ ಗೊತ್ತಿತ್ತು. ಏಕೆ ಎಂಬುದು ಪಂಡಿತರಿಗೆ ಗೊತ್ತಿರಲಿಲ್ಲ. ಗೆಲಿಲಿಯೋ ಕೂಡ ಈ ಪ್ರಶ್ನೆಯ ಬಳಿ ಬಂದು, ಸರಿಯಾದ ಉತ್ತರ ಸಿಗದೆ ಮುಂದೆ ಹೋದ. ರೋಮ್‌ನಲ್ಲಿ ಗಾಸ್ಪರೋ ಬೆರ್ಟಿ ಉದ್ದನೆಯ ಕೊಳವೆಯೊಂದನ್ನು ನಿಲ್ಲಿಸಿ, ನೀರು ತುಂಬಿ ಪರೀಕ್ಷಿಸಿದ. ಎವಾಂಜೆಲಿಸ್ಟಾ ಟೊರಿಚೆಲ್ಲಿ ನೀರಿನ ಬದಲು ಅದಕ್ಕಿಂತ 13.6 ಪಟ್ಟು ಭಾರವಾದ ಪಾದರಸವನ್ನು ಆರಿಸಿಕೊಂಡ. ಹತ್ತು ಮೀಟರಿನ ಕಂಬ ಒಮ್ಮೆಲೇ ಸುಮಾರು 76 ಸೆಂಟಿಮೀಟರಿಗೆ ಇಳಿಯಿತು. ಆ ಕಂಬವನ್ನು ಎತ್ತಿ ಹಿಡಿದದ್ದು ಹೊರಗಿನ ಗಾಳಿಯ ತೂಕ. ಪ್ರಕೃತಿಯ ದೊಡ್ಡ ರಹಸ್ಯವೊಂದು ಮೇಜಿನ ಮೇಲೆ ನಿಲ್ಲುವಷ್ಟು ಚಿಕ್ಕದಾಯಿತು.

1644ರ ಜೂನ್ 11ರಂದು ಟೊರಿಚೆಲ್ಲಿ ತನ್ನ ಗೆಳೆಯ ಮೈಕೆಲ್ಯಾಂಜೆಲೊ ರಿಚ್ಚಿಗೆ ಬರೆದ ಪತ್ರದಲ್ಲಿ ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂಬ ಪ್ರಸಿದ್ಧ ಮಾತು ಇದೆ. ಎಲ್ಲರೂ ಅದನ್ನೇ ನೆನೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ಪತ್ರದ ಇನ್ನೊಂದು ಅಂಶ. ತನ್ನ ಉದ್ದೇಶ ಸುಮ್ಮನೆ ಒಂದು ನಿರ್ವಾತವನ್ನು ಮಾಡಿ ತೋರಿಸುವುದಲ್ಲ, ಗಾಳಿ ಒಮ್ಮೆ ಭಾರವಾಗಿ, ಒಮ್ಮೆ ಹಗುರವಾಗಿ ಬದಲಾಗುವುದನ್ನು ತೋರಿಸುವ ಸಾಧನವೊಂದನ್ನು ಮಾಡುವುದು ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಮೊದಲ ದಿನದಿಂದಲೂ ಈ ಉಪಕರಣದ ಜೀವ ಬದಲಾವಣೆಯಲ್ಲಿತ್ತು.

ನಾಲ್ಕು ವರ್ಷಗಳ ನಂತರ, 1648ರ ಸೆಪ್ಟೆಂಬರ್ 19ರಂದು, ಬ್ಲೇಸ್ ಪ್ಯಾಸ್ಕಲನ ಭಾವ ಫ್ಲೊರಿನ್ ಪೆರಿಯೆ ಪಾದರಸದ ಕೊಳವೆಯನ್ನು ಹೊತ್ತು ಫ್ರಾನ್ಸಿನ ಪ್ಯೂಯಿ ದ ಡೋಮ್ ಬೆಟ್ಟವನ್ನು ಹತ್ತಿದ. ಮೇಲೆ ಹೋದಾಗ ಪಾದರಸ ಮೂರು ಅಂಗುಲಕ್ಕೂ ಹೆಚ್ಚು ಇಳಿಯಿತು. ಕೆಳಗೆ ಕ್ಲೆರ್ಮಾಂಟಿನ ಮಠದ ತೋಟದಲ್ಲಿ ಇನ್ನೊಂದು ಕೊಳವೆಯನ್ನು ಒಬ್ಬ ಪಾದ್ರಿ ಇಡೀ ದಿನ ನೋಡುತ್ತಾ ಕುಳಿತಿದ್ದ; ಅದು ಅಲ್ಲಾಡಲಿಲ್ಲ. ಬೆಟ್ಟ ಹತ್ತಿದವನ ಹೆಸರು ಇತಿಹಾಸದಲ್ಲಿ ದೊಡ್ಡದು. ಆದರೆ ಏನೂ ಆಗುತ್ತಿಲ್ಲ ಎಂಬುದನ್ನು ಇಡೀ ದಿನ ಶ್ರದ್ಧೆಯಿಂದ ನೋಡಿದ ಆ ಪಾದ್ರಿ ಇಲ್ಲದಿದ್ದರೆ ಪ್ರಯೋಗಕ್ಕೆ ಅರ್ಥವೇ ಇರುತ್ತಿರಲಿಲ್ಲ. ಮನೆಯಲ್ಲಿ ಬ್ಯಾರೋಮೀಟರ್ ಇಟ್ಟುಕೊಂಡವರೆಲ್ಲ ಅವನ ವಂಶದವರು.

ಇದನ್ನು ಅಲಂಕಾರವಾಗಿ ಮೊದಲು ಕಂಡವನು ಬಹುಶಃ ಜರ್ಮನಿಯ ಮ್ಯಾಗ್ಡೆಬರ್ಗಿನ ಓಟ್ಟೊ ಫಾನ್ ಗ್ಯೂರಿಕೆ. ಅವನು ತನ್ನ ಮನೆಯ ಉದ್ದಕ್ಕೂ ನೀರಿನ ಬ್ಯಾರೋಮೀಟರ್ ನಿಲ್ಲಿಸಿ, ಮೇಲ್ತುದಿಯ ಗಾಜಿನೊಳಗೆ ನೀರಿನ ಮೇಲೆ ತೇಲುವ ಪುಟ್ಟ ಮರದ ಮನುಷ್ಯನನ್ನು ಇಟ್ಟಿದ್ದ. ಕೊಳವೆಯ ಉಳಿದ ಭಾಗವನ್ನು ಮರೆಮಾಡಿದ್ದರಿಂದ ಜನರಿಗೆ ಕಾಣುತ್ತಿದ್ದುದು ಏರುವ ಇಳಿಯುವ ಆ ಗೊಂಬೆ ಮಾತ್ರ. 1660ರ ಡಿಸೆಂಬರಿನಲ್ಲಿ ಗೊಂಬೆ ತೀರಾ ಕೆಳಗಿಳಿದುದನ್ನು ಕಂಡು ಅವನು ಬಿರುಗಾಳಿ ಬರುತ್ತದೆ ಎಂದ. ಬಂದಿತು. ಗೊಂಬೆಯ ಮೂಲಕ ವಿಜ್ಞಾನ ಮನೆಯ ಅಂಗಳಕ್ಕೆ ಇಳಿದ ಈ ಪ್ರಸಂಗವನ್ನು ನಾನು ಎಷ್ಟು ಬಾರಿ ನೆನೆದರೂ ಖುಷಿ ಕಡಿಮೆಯಾಗುವುದಿಲ್ಲ.

ಪಾದರಸದ ಬ್ಯಾರೋಮೀಟರ್ ಪೀಠೋಪಕರಣವಾದದ್ದು ಅನಿವಾರ್ಯತೆಯಿಂದ. ಸುಮಾರು ಮೂರು ಅಡಿ ಉದ್ದದ ತೆಳು ಗಾಜಿನ ಕೊಳವೆ, ಅದರ ತುಂಬ ಭಾರವಾದ ದ್ರವ, ಕೆಳಗೆ ಒಂದು ಕುಂಡ. ಇದನ್ನು ಬೆತ್ತಲೆಯಾಗಿ ಗೋಡೆಗೆ ಒರಗಿಸಿ ಇಡಲಾಗದು. ಹಾಗಾಗಿ ಬಡಗಿ ಬಂದ. ಮೇಲಿನ ಮೂರು ಅಂಗುಲಗಳಲ್ಲಿ ಮಾತ್ರ ಪಾದರಸ ಓಡಾಡುವುದರಿಂದ ಅಷ್ಟು ಭಾಗಕ್ಕೆ ಅಳತೆಪಟ್ಟಿ ಬೇಕಾಯಿತು. ಅದಕ್ಕೆ ಅಕ್ಷರ ಕೊರೆಯುವವನು ಬಂದ. ಅತಿ ಸೂಕ್ಷ್ಮವಾಗಿ ಲೋಹವನ್ನು ಕತ್ತರಿಸಿ ಜೋಡಿಸುವ ಕೈಗಳು ಆಗ ಇದ್ದದ್ದು ಗಡಿಯಾರ ಮಾಡುವವರಲ್ಲಿ. ಆದ್ದರಿಂದಲೇ ಲಂಡನ್ನಿನ ಹಳೆಯ ಬ್ಯಾರೋಮೀಟರುಗಳ ಮೇಲೆ ಥಾಮಸ್ ಟಾಂಪಿಯನ್, ಡೇನಿಯಲ್ ಕ್ವೇರ್ ಮುಂತಾದ ಗಡಿಯಾರ ತಯಾರಕರ ಹೆಸರುಗಳಿವೆ. 1700ರ ಆಸುಪಾಸಿನಲ್ಲಿ ಟಾಂಪಿಯನ್ ರಾಜ 3ನೇ ವಿಲಿಯಂನಿಗಾಗಿ ಮಾಡಿದ ಬ್ಯಾರೋಮೀಟರುಗಳು ಅರಮನೆಯ ಯಾವ ಪೀಠೋಪಕರಣಕ್ಕೂ ಕಡಿಮೆಯಿಲ್ಲದ ಘನತೆಯವು.

ಕ್ವೇರ್ 1695ರಲ್ಲಿ ಪಡೆದ ಪೇಟೆಂಟ್ ಇನ್ನೂ ಸ್ವಾರಸ್ಯಕರ. ಎಲ್ಲಿಗೆ ಬೇಕಾದರೂ ಒಯ್ಯಬಹುದಾದ, ತಲೆಕೆಳಗು ಮಾಡಿದರೂ ಒಂದು ಹನಿ ಪಾದರಸ ಚೆಲ್ಲದ, ಒಳಗೆ ಗಾಳಿ ನುಗ್ಗದ ಬ್ಯಾರೋಮೀಟರಿನ ಪೇಟೆಂಟ್ ಅದು. ಇಂಥ ಒಯ್ಯಬಲ್ಲ ಬ್ಯಾರೋಮೀಟರುಗಳ ಗುಟ್ಟು ತಳದ ಕುಂಡದಲ್ಲಿದೆ. ಕಟ್ಟಿಗೆಯ ಸಣ್ಣ ಬಟ್ಟಲು, ಅದರ ತಳಕ್ಕೆ ಬಿಗಿದ ತೊಗಲು, ತೊಗಲಿನ ಕೆಳಗೆ ಒಂದು ತಿರುಪು. ಪಾದರಸ ಮರದ ರಂಧ್ರಗಳಿಂದ ಹೊರಬರಲಾರದು. ಗಾಳಿಯ ಒತ್ತಡ ಮಾತ್ರ ಅದೇ ದಾರಿಯಲ್ಲಿ ಒಳಗೆ ತಲುಪುತ್ತದೆ. ಪ್ರಯಾಣಕ್ಕೆ ಮುನ್ನ ತಿರುಪು ಬಿಗಿದರೆ ತೊಗಲು ಮೇಲೆದ್ದು ಪಾದರಸವನ್ನು ಕೊಳವೆಯ ತುದಿಯವರೆಗೂ ತಳ್ಳಿ, ಅದು ಕುಲುಕದಂತೆ ಹಿಡಿದಿಡುತ್ತದೆ. ನಿಂತ ಮೇಲೆ ತಿರುಪು ಸಡಿಲಿಸಿದರೆ ಮತ್ತೆ ಕೆಲಸ ಶುರು. ಒಂದು ತುಂಡು ತೊಗಲು ಇಷ್ಟು ದೊಡ್ಡ ಸಮಸ್ಯೆಯನ್ನು ಪರಿಹರಿಸಿದ್ದನ್ನು ನೋಡಿದರೆ ಹಳೆಯ ಕಾರ್ಯಾಗಾರಗಳಿಗೆ ಕೈಮುಗಿಯಬೇಕು ಎನಿಸುತ್ತದೆ.

ಪಾದರಸದ ಕಂಬ ಕತ್ತಲಲ್ಲಿ ಮಿನುಗುವುದೂ ಉಂಟು. 1670ರ ದಶಕದಲ್ಲಿ ಫ್ರೆಂಚ್ ಖಗೋಳಜ್ಞ ಜ್ಯಾಂ ಪಿಕಾರ್ ರಾತ್ರಿ ಬ್ಯಾರೋಮೀಟರನ್ನು ಹೊತ್ತು ನಡೆಯುವಾಗ ಪಾದರಸದ ಮೇಲಿನ ಖಾಲಿ ಜಾಗದಲ್ಲಿ ಬೆಳಕು ಕಂಡ. ಪಾದರಸ ಗಾಜಿಗೆ ಉಜ್ಜಿದಾಗ ಹುಟ್ಟುವ ಆ ಬೆಳಕಿನ ಬೆನ್ನು ಹತ್ತಿ ಫ್ರಾನ್ಸಿಸ್ ಹಾಕ್ಸ್‌ಬೀ ಮುಂದಿನ ಶತಮಾನದ ಆರಂಭದಲ್ಲಿ ವಿದ್ಯುತ್ತಿನ ಪ್ರಯೋಗಗಳಿಗೆ ತಲುಪಿದ. ಇದು ನನ್ನ ವಿಷಯದಿಂದ ಸ್ವಲ್ಪ ಆಚೆಗೆ ಹೋಯಿತು, ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ನೇರ ಕಡ್ಡಿಯಂಥ ಬ್ಯಾರೋಮೀಟರಿನ ಒಂದೇ ತೊಂದರೆ, ಹತ್ತಿರ ಹೋಗಿ ಕಣ್ಣು ಕಿರಿದಾಗಿಸಿ ಓದಬೇಕು. ಇದಕ್ಕೆ ರಾಬರ್ಟ್ ಹುಕ್ 1660ರ ದಶಕದಲ್ಲೇ ಚಕ್ರದ ಉಪಾಯ ಸೂಚಿಸಿದ್ದ. ಪಾದರಸದ ಚಲನೆಯನ್ನು ದಾರದ ಮೂಲಕ ರಾಟೆಗೆ, ರಾಟೆಯಿಂದ ಮುಳ್ಳಿಗೆ ದಾಟಿಸುವುದು. ಆದರೆ ಅದು ಮನೆಮನೆಗೆ ಬಂದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ, ಅಗಲ ಹೊಟ್ಟೆ ಮತ್ತು ತೆಳು ಕತ್ತಿನ, ಬ್ಯಾಂಜೊ ಎಂಬ ತಂತಿವಾದ್ಯವನ್ನು ಹೋಲುವ ‘ಬ್ಯಾಂಜೊ’ ಬ್ಯಾರೋಮೀಟರಿನ ರೂಪದಲ್ಲಿ. ತಂದವರಲ್ಲಿ ಅನೇಕರು ಇಟಲಿಯ ಕೊಮೊ ಪ್ರದೇಶದಿಂದ ಇಂಗ್ಲೆಂಡಿಗೆ ವಲಸೆ ಬಂದ ಕುಶಲಕರ್ಮಿಗಳು. ಗಾಜು ಊದುವುದು, ಪಾದರಸ ತುಂಬುವುದು ಅವರ ಕೈವಶದ ವಿದ್ಯೆ. ಇಂದು ಹಳೆಯ ಬ್ಯಾರೋಮೀಟರುಗಳ ಮೇಲೆ ಟಾಲಿಯಬ್ಯೂ, ಓರ್ಟೆಲ್ಲಿ, ಪಾಸ್ಟೊರೆಲ್ಲಿ, ನೆಗ್ರೆಟ್ಟಿ, ಜಾಂಬ್ರಾ ಎಂಬ ಹೆಸರುಗಳನ್ನು ಕಂಡಾಗ ಇಂಗ್ಲಿಷ್ ಹಜಾರದ ಅತಿ ಇಂಗ್ಲಿಷ್ ಅಲಂಕಾರವೆಂದು ಹೆಸರಾದದ್ದು ವಲಸಿಗರ ಕೈಕೆಲಸ ಎಂಬುದು ನೆನಪಾಗುತ್ತದೆ.

ಒಂದು ಬ್ಯಾಂಜೊ ಬ್ಯಾರೋಮೀಟರಿನ ಮುಂದೆ ನಿಂತು ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ತುದಿಯಲ್ಲಿ ಎರಡು ಹಂಸದ ಕತ್ತುಗಳು ಎದುರುಬದುರಾಗಿ ಬಾಗಿದಂಥ ಶಿಖರ, ನಡುವೆ ಹಿತ್ತಾಳೆಯ ಚಿಕ್ಕ ಕಳಶ. ಅದರ ಕೆಳಗೆ ಹಲವು ಬಾರಿ ಗಾಳಿಯ ತೇವವನ್ನು ಹೇಳುವ ಪುಟ್ಟ ಡಯಲ್. ಅದರ ಹಿಂದೆ ದುಡಿಯುವುದು ಕಾಡು ಓಟ್ಸಿನ ತೆನೆಯ ಒಂದು ಒಣ ಮುಳ್ಳು, ತೇವ ಹೆಚ್ಚಿದಂತೆ ತಾನಾಗಿ ಸುರುಳಿ ಬಿಚ್ಚಿಕೊಂಡು, ಒಣಗಿದಂತೆ ತಿರುಚಿಕೊಳ್ಳುವಂಥದ್ದು. ಕತ್ತಿನಲ್ಲಿ ಥರ್ಮಾಮೀಟರ್. ಕೆಲವದರಲ್ಲಿ ಕತ್ತು ಮತ್ತು ಹೊಟ್ಟೆಯ ನಡುವೆ ಉಬ್ಬುಗನ್ನಡಿ. ಅದರಲ್ಲಿ ಇಡೀ ಕೋಣೆ ಒಂದು ಬಿಲ್ಲೆಯಷ್ಟಾಗಿ ಕಾಣುತ್ತದೆ. ಕೆಳಗೆ ದೊಡ್ಡ ಮುಖಫಲಕ, ಸಾಮಾನ್ಯವಾಗಿ 8 ಅಥವಾ 10 ಅಂಗುಲ ಅಗಲ. ತೀರಾ ತಳದಲ್ಲಿ ಮಟ್ಟಗೋಲು, ಅದರ ತಗಡಿನ ಮೇಲೆ ತಯಾರಕನ ಹೆಸರು. ಮರದ ಮೈತುಂಬ ಬಣ್ಣದ ಮರಗಳ ಚೂರುಗಳನ್ನು ಕೂಡಿಸಿದ ಶಂಖ, ಹೂವುಗಳ ಕುಸುರಿ, ಅಂಚಿಗೆ ಕಪ್ಪು ಬಿಳಿ ಗೆರೆ. ಶಂಖದ ನೆರಳು ಬಣ್ಣದಿಂದ ಬರೆದದ್ದಲ್ಲ. ಬಿಸಿ ಮರಳಿನಲ್ಲಿ ತೆಳು ಮರದ ಅಂಚನ್ನು ಅದ್ದಿ ಹದವಾಗಿ ಕಂದಿಸಿದ್ದು.

ಅದೇ ವಸ್ತುವನ್ನು ತಿರುಗಿಸಿ ಹಿಂಬದಿಯ ಬಾಗಿಲನ್ನು ತೆರೆದರೆ ಬೇರೊಂದೇ ಲೋಕ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಹೊಳಪಿಲ್ಲದ ಒರಟು ಮರ, ತೋಡಿದ ಕಾಲುವೆಯಲ್ಲಿ ಕೂತ ಗಾಜಿನ ಕೊಳವೆ. ಅದು ಕೆಳಗೆ ಬಾಗಿ ಮತ್ತೆ ಮೇಲಕ್ಕೆ ತಿರುಗುತ್ತದೆ; ಆ ಗಿಡ್ಡ ಬಾಯಿ ತೆರೆದಿದೆ. ಬಾಯೊಳಗೆ ಪಾದರಸದ ಮೇಲೆ ಕೂತ ಗಾಜಿನ ಒಂದು ತೂಕ, ಅದಕ್ಕೆ ಕಟ್ಟಿದ ರೇಷ್ಮೆಯ ಎಳೆ, ಎಳೆ ಸುತ್ತಿಬರುವ ಚಿಕ್ಕ ರಾಟೆ, ಇನ್ನೊಂದು ಕೊನೆಯಲ್ಲಿ ಮೊದಲಿನದಕ್ಕಿಂತ ಸ್ವಲ್ಪ ಹಗುರವಾದ ಇನ್ನೊಂದು ಗಾಜಿನ ತೂಕ. ಇಷ್ಟೇ. ಗಾಳಿಯ ಒತ್ತಡ ಹೆಚ್ಚಿದರೆ ಗಿಡ್ಡ ಬಾಯಿಯ ಪಾದರಸ ತಗ್ಗುತ್ತದೆ, ತೂಕ ಇಳಿಯುತ್ತದೆ, ಎಳೆ ಜಾರುತ್ತದೆ, ರಾಟೆ ಒಂದಿಷ್ಟು ತಿರುಗುತ್ತದೆ, ಮುಂಬದಿಯಲ್ಲಿ ನೀಲಿ ಉಕ್ಕಿನ ಮುಳ್ಳು ಬಲಕ್ಕೆ ಸರಿಯುತ್ತದೆ. 8 ಅಂಗುಲದ ಫಲಕದ ಸುತ್ತಳತೆ ಸುಮಾರು 25 ಅಂಗುಲ. ಅಷ್ಟರಲ್ಲಿ ಪಾದರಸದ ಮೂರೇ ಅಂಗುಲಗಳ ಏರಿಳಿತ ಹರಡಿಕೊಂಡಿದೆ. ಹೀಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯೂ ಕೋಣೆಯ ಆಚೆ ತುದಿಗೆ ಕಾಣುತ್ತದೆ. ರಾಟೆಯ ಘರ್ಷಣೆಯಿಂದ ಮುಳ್ಳು ಹಿಡಿದುಕೊಂಡಿರಬಹುದಾದ್ದರಿಂದ ಓದುವ ಮುನ್ನ ಗಾಜಿನ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟುವ ರೂಢಿ. ಅದು ಸುಮ್ಮನೆ ಬಂದ ಚಾಳಿಯಲ್ಲ, ಯಂತ್ರ ಬೇಡುವ ಉಪಚಾರ.

ಮುಖಫಲಕದ ಮೇಲೆ ನೀಲಿ ಮುಳ್ಳಿನ ಜೊತೆಗೆ ಹಿತ್ತಾಳೆಯ ಇನ್ನೊಂದು ಮುಳ್ಳಿದೆ. ಅದಕ್ಕೆ ಯಂತ್ರದ ಜೊತೆ ಯಾವ ಸಂಬಂಧವೂ ಇಲ್ಲ. ಕೆಳಗಿನ ಚಿಕ್ಕ ಗುಬುಟನ್ನು ತಿರುಗಿಸಿ ಅದನ್ನು ನೀಲಿ ಮುಳ್ಳಿನ ಮೇಲೆ ತಂದು ನಿಲ್ಲಿಸುವುದು ಮನುಷ್ಯನ ಕೆಲಸ. ಮರುದಿನ ಬಂದು ನೋಡಿದರೆ ಹಿತ್ತಾಳೆ ನಿನ್ನೆಯಲ್ಲಿ ನಿಂತಿದೆ, ಉಕ್ಕು ಇಂದಿಗೆ ಸರಿದಿದೆ. ನಡುವಿನ ಅಂತರವೇ ಸುದ್ದಿ. ಇಡೀ ಉಪಕರಣದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದೇ. ಯಂತ್ರಕ್ಕೆ ಗೊತ್ತಿರುವುದು ಈ ಕ್ಷಣ ಮಾತ್ರ; ನಿನ್ನೆಯನ್ನು ಅದರ ಪಕ್ಕದಲ್ಲಿ ಇಡಬೇಕಾದವರು ನಾವು. ಬೇರೆ ಯಾವ ಅಲಂಕಾರದ ವಸ್ತುವೂ ಮನೆಯವರ ಕೈಯನ್ನು ಹೀಗೆ ದಿನವೂ ಕೇಳುವುದಿಲ್ಲ. ಹಿತ್ತಾಳೆಯ ಮುಳ್ಳು ವರ್ಷಗಟ್ಟಲೆ ಒಂದೇ ಕಡೆ ನಿಂತಿರುವ ಬ್ಯಾರೋಮೀಟರನ್ನು ಕಂಡರೆ ಆ ಮನೆಯಲ್ಲಿ ಅದನ್ನು ಯಾರೂ ಓದುತ್ತಿಲ್ಲ ಎಂದು ಕೂಡಲೇ ತಿಳಿಯುತ್ತದೆ.

ಈ ಅಂತರದ ಮಹತ್ವ ಅರ್ಥವಾಗದಿದ್ದರೆ ಫಲಕದ ಮೇಲಿನ ಮಾತುಗಳು ದಾರಿ ತಪ್ಪಿಸುತ್ತವೆ. 17ನೇ ಶತಮಾನದ ಕೊನೆಯಿಂದ ಲಂಡನ್ನಿನಲ್ಲಿ ಬಳಕೆಗೆ ಬಂದ ಅದೇ ಮಾತುಗಳ ಸಾಲು ಇಂದಿಗೂ ನಡೆದುಬಂದಿದೆ. ಪಾದರಸದ 28 ಅಂಗುಲ ಎತ್ತರಕ್ಕೆ ಬಿರುಗಾಳಿ, 29ಕ್ಕೆ ಮಳೆ, 29.5ಕ್ಕೆ ಬದಲಾವಣೆ, 30ಕ್ಕೆ ಚೆನ್ನಾದ ಹವೆ, 31ಕ್ಕೆ ಬಹಳ ಒಣ ಹವೆ. ಸಮಾನ ಅಂತರದಲ್ಲಿ ಕೂಡಿಸಿದ ಈ ಪದಗಳು ನೋಡಲು ಎಷ್ಟು ಚೆಂದವೋ ಅಷ್ಟೇ ಅಪೂರ್ಣ. 30 ಅಂಗುಲದಲ್ಲಿ ಮಳೆ ಸುರಿಯಬಹುದು, 29ರಲ್ಲಿ ಬಿಸಿಲು ಬೆಳಗಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಮನೆಯಲ್ಲಿ ಪಾದರಸ ಎತ್ತರದ ಕಾರಣದಿಂದಲೇ ಮೂರು ಅಂಗುಲದಷ್ಟು ಕೆಳಗಿರುತ್ತದೆ. ಅಲ್ಲಿ ಹೊಂದಿಸದೆ ತೂಗುಹಾಕಿದ ಬ್ಯಾರೋಮೀಟರಿಗೆ ಪ್ರತಿದಿನವೂ ಬಿರುಗಾಳಿಯೇ. ಉಷ್ಣವಲಯದಲ್ಲಂತೂ ಒತ್ತಡ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಈ ನಿತ್ಯದ ಅಲೆಯ ಗಾತ್ರ ಒಂದು ಅಂಗುಲದ ಹತ್ತನೆಯ ಒಂದು ಭಾಗದ ಆಸುಪಾಸು. ಅಲ್ಲಿ ಸಾಮಾನ್ಯ ಮಳೆ ಬಿಸಿಲುಗಳಿಂದ ಆಗುವ ಬದಲಾವಣೆ ಅನೇಕ ಬಾರಿ ಅದಕ್ಕಿಂತ ಚಿಕ್ಕದು. ಆದ್ದರಿಂದ ಆ ಪ್ರದೇಶಗಳಲ್ಲಿ ಓದಬೇಕಾದದ್ದು ಲಯವನ್ನು. ಏರಬೇಕಾದ ಹೊತ್ತಿಗೆ ಮುಳ್ಳು ಏರದಿದ್ದರೆ ಆಗ ಎಚ್ಚರ. ಚಂಡಮಾರುತದ ನಡುವಿನ ಒತ್ತಡ ಎಷ್ಟು ಕುಸಿಯಬಹುದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 1979ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ಟಿಪ್ ಚಂಡಮಾರುತದಲ್ಲಿ ಅಳೆದದ್ದು 870 ಹೆಕ್ಟೊಪ್ಯಾಸ್ಕಲ್ (ಇಂದು ಗಾಳಿಯ ಒತ್ತಡವನ್ನು ಹೇಳುವ ಮಾನ), ಅಂದರೆ ಪಾದರಸದ ಇಪ್ಪತ್ತಾರು ಅಂಗುಲಕ್ಕೂ ಕಡಿಮೆ. ಹಳೆಯ ಮುಖಫಲಕಗಳಲ್ಲಿ ಅದಕ್ಕೆ ಜಾಗವೇ ಇಲ್ಲ.

ಮುಳ್ಳು ಎಲ್ಲಿದೆ ಎಂಬುದಕ್ಕಿಂತ ಯಾವ ಕಡೆ, ಎಷ್ಟು ಬೇಗ ಹೋಗುತ್ತಿದೆ ಎಂದು ನೋಡಿ. ಇದನ್ನು ಸಾಮಾನ್ಯ ಜನರಿಗೆ ಹೇಳಿಕೊಡಲು ಜೀವವನ್ನೇ ತೇಯ್ದವನು ರಾಬರ್ಟ್ ಫಿಟ್ಜ್‌ರಾಯ್. ಚಾರ್ಲ್ಸ್ ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕಪ್ತಾನ ಎಂದೇ ಅವನನ್ನು ಜಗತ್ತು ಗುರುತಿಸುತ್ತದೆ. ನನಗೆ ಅವನು ದೊಡ್ಡವನಾಗಿ ಕಾಣುವುದು ಆಮೇಲಿನ ಕೆಲಸದಿಂದ. 1854ರಲ್ಲಿ ಬ್ರಿಟನ್ನಿನ ಹೊಸ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಮೇಲೆ ಅವನ ಮನಸ್ಸು ನೆಟ್ಟದ್ದು ಬಡ ಮೀನುಗಾರರ ಮೇಲೆ. ದೊಡ್ಡ ಹಡಗುಗಳಲ್ಲಿ ಬ್ಯಾರೋಮೀಟರ್ ಇರುತ್ತಿತ್ತು, ಸಣ್ಣ ದೋಣಿಯವರಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಗಟ್ಟಿಮುಟ್ಟಾದ, ದೊಡ್ಡ ಅಕ್ಷರಗಳ ಬ್ಯಾರೋಮೀಟರುಗಳನ್ನು ಬಂದರಿನ ಹಳ್ಳಿಗಳಲ್ಲಿ ಎಲ್ಲರಿಗೂ ಕಾಣುವಂತೆ ಅವನು ಇಡಿಸಿದ. ಕಡಲಿಗಿಳಿಯುವ ಮುನ್ನ ಯಾರು ಬೇಕಾದರೂ ನೋಡಿಕೊಂಡು ಹೋಗಬಹುದಿತ್ತು. ಅವುಗಳಲ್ಲಿ ಕೆಲವು ಇಂದಿಗೂ ಆ ಹಳ್ಳಿಗಳ ಗೋಡೆಗಳಲ್ಲಿವೆ.

1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಹಡಗು ವೇಲ್ಸಿನ ಆಂಗ್ಲ್‌ಸೀ ತೀರದಲ್ಲಿ ಬಿರುಗಾಳಿಗೆ ಸಿಕ್ಕು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಇದಾದ ನಂತರ ಫಿಟ್ಜ್‌ರಾಯ್ ತಂತಿಯ ಮೂಲಕ ಬೇರೆ ಬೇರೆ ಊರುಗಳ ಒತ್ತಡದ ಅಳತೆಗಳನ್ನು ತರಿಸಿ ಬಂದರುಗಳಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಕಟ್ಟಿದ. 1861ರ ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಅವನ ಹವಾಮಾನ ಮುನ್ಸೂಚನೆ ಮೊದಲ ಬಾರಿಗೆ ಅಚ್ಚಾಯಿತು. ಮುನ್ಸೂಚನೆ ತಪ್ಪಿದಾಗಲೆಲ್ಲ ಗೇಲಿ, ಟೀಕೆ. 1865ರ ಏಪ್ರಿಲ್ 30ರಂದು ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ. ಅವನ ಹೆಸರು ಹೊತ್ತು ಮಾರುಕಟ್ಟೆಗೆ ಬಂದ ಗಾಜಿನ ಮುಚ್ಚಳದ ಮರದ ಪೆಟ್ಟಿಗೆಯ ಬ್ಯಾರೋಮೀಟರುಗಳಲ್ಲಿ ಬಹಳಷ್ಟು ಅವನು ಸತ್ತ ನಂತರ ತಯಾರಾದವು. ಅದರಲ್ಲಿ ಕರ್ಪೂರದ ಹರಳುಗಳು ತೇಲುವ ಬಿರುಗಾಳಿ ಗಾಜು ಎಂಬ ಸೀಸೆಯೂ ಇರುತ್ತದೆ. ನೋಡಲು ಮನಮೋಹಕ, ಆದರೆ ಅದು ಮುಖ್ಯವಾಗಿ ತಾಪಮಾನಕ್ಕೆ ಸ್ಪಂದಿಸುತ್ತದೆ, ಬಿರುಗಾಳಿಗಲ್ಲ. ನಾನು ಅಂಥ ಪೆಟ್ಟಿಗೆಯಲ್ಲಿ ನೋಡುವುದು ಕಾಗದದ ಮೇಲೆ ಅಚ್ಚಾದ ಫಿಟ್ಜ್‌ರಾಯ್‌ನ ಸೂಚನೆಗಳನ್ನು. ಬಹಳ ಹಿಂದೆಯೇ ಸೂಚನೆ ಕೊಟ್ಟು ಬರುವ ಹವೆ ಬಹಳ ಕಾಲ ನಿಲ್ಲುತ್ತದೆ, ಥಟ್ಟನೆ ಬಂದದ್ದು ಬೇಗ ಹೋಗುತ್ತದೆ. ತೀರಾ ಇಳಿದ ಮೇಲೆ ಬರುವ ಮೊದಲ ಏರಿಕೆಯನ್ನು ನಂಬಬೇಡಿ, ಆಗ ಗಾಳಿ ಇನ್ನೂ ಜೋರಾಗಬಹುದು. ಓದು ಬಾರದವರೂ ಬಾಯಿಪಾಠ ಮಾಡಿಕೊಳ್ಳುವಂಥ ಸರಳ ಸೂತ್ರಗಳು.

ಅಷ್ಟರಲ್ಲಾಗಲೇ ಪಾದರಸವಿಲ್ಲದ ಆನೆರಾಯ್ಡ್ ಬಂದಾಗಿತ್ತು. ಫ್ರಾನ್ಸಿನ ಲೂಸಿಯಾಂ ವಿಡಿ 1844ರಲ್ಲಿ ಅದರ ಪೇಟೆಂಟ್ ಪಡೆದ. ಗಾಳಿ ತೆಗೆದ ತೆಳು ಲೋಹದ ಡಬ್ಬಿ, ಅದು ಕುಸಿಯದಂತೆ ಹಿಡಿದ ಸ್ಪ್ರಿಂಗ್, ಅತಿ ಸಣ್ಣ ಅಲುಗಾಟವನ್ನು ಹಿಗ್ಗಿಸುವ ಸನ್ನೆಕೋಲುಗಳು. ಡಬ್ಬಿ ಉಸಿರಾಡುವ ಎದೆಯಂತೆ ಉಬ್ಬಿ ತಗ್ಗುತ್ತದೆ. ಕಂಬದ ಹಂಗು ತಪ್ಪಿದ್ದೇ ಆಕಾರಕ್ಕೆ ಬಿಡುಗಡೆ ಸಿಕ್ಕಿತು. ಹಡಗಿನ ಚಕ್ರದ ಹಾಗೆ, ಹಗ್ಗದ ಸುರುಳಿಯ ಹಾಗೆ ಕೆತ್ತಿದ ಓಕ್ ಚೌಕಟ್ಟುಗಳು, ಜೇಬಿಗೆ ಹಿಡಿಸುವ ಗುಂಡನೆಯ ಪೆಟ್ಟಿಗೆಗಳು. ಈ ಕೆತ್ತನೆಗಳಲ್ಲಿ ಅನೇಕವು ನನ್ನ ಕಣ್ಣಿಗೆ ಅತಿಯೆನಿಸುತ್ತವೆ. ನಾನು ಆರಿಸುವುದು ನಡುವೆ ತೆರೆದ ಫಲಕದ ಆನೆರಾಯ್ಡನ್ನು. ಅದರಲ್ಲಿ ಡಬ್ಬಿಯ ಅಲೆಯಲೆಯಾದ ಮೈ, ಸನ್ನೆಕೋಲು, ಸಣ್ಣ ಸರಪಳಿ ಎಲ್ಲವೂ ಕಾಣುತ್ತವೆ. 1880ರಲ್ಲಿ ಪ್ಯಾರಿಸಿನ ರಿಶಾರ್ ಸಹೋದರರ ಕಾರ್ಯಾಗಾರದಿಂದ ಬಂದ ಬ್ಯಾರೋಗ್ರಾಫ್ ಇಂಥ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ, ಲೇಖನಿಯೊಂದಕ್ಕೆ ಜೋಡಿಸಿ, ವಾರವಿಡೀ ತಿರುಗುವ ಕಾಗದದ ಮೇಲೆ ಗೆರೆ ಎಳೆಸಿತು. ಹಿತ್ತಾಳೆಯ ಮುಳ್ಳು ಒಂದೇ ಒಂದು ನಿನ್ನೆಯನ್ನು ಇಟ್ಟುಕೊಳ್ಳುತ್ತಿತ್ತು. ಇದು ವಾರವನ್ನೇ ಇಟ್ಟುಕೊಳ್ಳುತ್ತದೆ. ಆದರೂ ನನ್ನ ಮನಸ್ಸು ಹಿತ್ತಾಳೆಯ ಮುಳ್ಳಿನ ಕಡೆಗೇ. ಅದನ್ನು ನಾನೇ ತಿರುಗಿಸಬೇಕು.

ಅಲಂಕಾರದ ಅತಿರೇಕವೂ ಬೆರಗು ಹುಟ್ಟಿಸಬಲ್ಲದು ಎಂಬುದಕ್ಕೆ 1760ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ಕಾಕ್ಸ್, ಜಾನ್ ಜೋಸೆಫ್ ಮರ್ಲಿನ್ ಜೊತೆ ಸೇರಿ ಮಾಡಿದ ಗಡಿಯಾರ ಸಾಕ್ಷಿ. ಒತ್ತಡದ ಏರಿಳಿತದಿಂದಲೇ ಅದಕ್ಕೆ ಕೀಲಿ ಕೊಟ್ಟಂತಾಗುತ್ತಿತ್ತು. ಅದಕ್ಕಾಗಿ ಒಳಗಿದ್ದ ಪಾದರಸ ಸುಮಾರು 68 ಕಿಲೋ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ, ಪಾದರಸವಿಲ್ಲದೆ, ನಿಂತುಹೋಗಿ. ಅದರ ಚಿತ್ರ ನೋಡಿದಾಗಲೆಲ್ಲ ಗಾಳಿಗೆ ದಣಿವಿಲ್ಲದಿದ್ದರೂ ಗಡಿಯಾರ ನಿಂತಿತಲ್ಲ ಎಂದು ಮನಸ್ಸು ಭಾರವಾಗುತ್ತದೆ.

ಇಂಥದ್ದೇ ನೋವು ಮಾರಾಟಕ್ಕಿದ್ದ ಒಂದು ಬ್ಯಾಂಜೊ ಬ್ಯಾರೋಮೀಟರನ್ನು ನೋಡಿದಾಗಲೂ ಆಯಿತು. ಮರ ಹೊಳೆಯುತ್ತಿತ್ತು, ಫಲಕ ಹಳದಿಯಾಗಿ ಥಳಥಳಿಸುತ್ತಿತ್ತು. ಹಿಂಬಾಗಿಲು ತೆರೆದರೆ ಒಳಗೆ ಕೊಳವೆಯೇ ಇಲ್ಲ. ಖಾಲಿ ಕಾಲುವೆ, ಹೊಟ್ಟೆಯಲ್ಲಿ ಅಂಟಿಸಿದ ಪುಟ್ಟ ಆನೆರಾಯ್ಡ್. ಫಲಕ ಹಳದಿಯಾಗಿದ್ದಕ್ಕೂ ಕಾರಣವಿದೆ. ಹಳೆಯ ಫಲಕಗಳ ಹಿತ್ತಾಳೆಯಲ್ಲಿ ಅಕ್ಷರ ಕೊರೆದು, ಕಪ್ಪು ಮೇಣ ತುಂಬಿ, ಆಮೇಲೆ ಸಿಲ್ವರ್ ಕ್ಲೋರೈಡ್, ಉಪ್ಪು ಮತ್ತು ಟಾರ್ಟಾರ್ ಪುಡಿಯ ಮಿಶ್ರಣವನ್ನು ಕೈಯಿಂದ ಉಜ್ಜುತ್ತಿದ್ದರು. ಕೂದಲೆಳೆಗಿಂತ ತೆಳುವಾದ ಬೆಳ್ಳಿ, ಮೇಲೆ ಮೆರುಗೆಣ್ಣೆ. ಹಿತ್ತಾಳೆ ಉಜ್ಜುವ ಮುಲಾಮು ಅದನ್ನು ಒಂದೇ ಸಲಕ್ಕೆ ತೆಗೆದುಹಾಕುತ್ತದೆ, ಮೇಣದ ಅಕ್ಷರಗಳನ್ನೂ ತಿನ್ನುತ್ತದೆ. ಸ್ವಲ್ಪ ಕಪ್ಪಾದ ಬೆಳ್ಳಿ ಫಲಕವನ್ನು ಹಾಗೆಯೇ ಬಿಡಿ ಎಂದು ನಾನು ಯಾರಿಗಾದರೂ ಬೇಡಿಕೊಳ್ಳಲು ಸಿದ್ಧ.

ಪಾದರಸದ ಆವಿ ವಿಷಕಾರಿ ಎಂಬುದನ್ನು ಮಾತ್ರ ಯಾವ ಪ್ರೀತಿಯೂ ಮರೆಸಬಾರದು. ಯುರೋಪಿಯನ್ ಒಕ್ಕೂಟ 2007ರಲ್ಲಿ ಸಾರ್ವಜನಿಕರಿಗೆ ಹೊಸ ಪಾದರಸದ ಅಳತೆ ಸಾಧನಗಳ ಮಾರಾಟವನ್ನು ನಿಷೇಧಿಸಿತು. ಆಗಲೇ 50 ವರ್ಷ ದಾಟಿದ್ದ ಹಳೆಯವುಗಳಿಗೆ ವಿನಾಯಿತಿ ಇತ್ತು, ಬ್ಯಾರೋಮೀಟರುಗಳಿಗೆ ಇನ್ನೆರಡು ವರ್ಷದ ಕಾಲಾವಕಾಶ ಸಿಕ್ಕಿತು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಇದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆದರೆ ಹಾಗಾಗಿ ಇರುವ ಹಳೆಯವುಗಳ ಹೊಣೆ ಹೆಚ್ಚಿತು. ಪಾದರಸವಿರುವ ಬ್ಯಾಂಜೊವನ್ನು ಎಂದೂ ಅಂಗಾತ ಮಲಗಿಸಬೇಡಿ. ಗೋಡೆಯಿಂದ ಇಳಿಸುವಾಗ ಬಹಳ ನಿಧಾನವಾಗಿ ಓರೆ ಮಾಡಿ. ಪಾದರಸ ಕೊಳವೆಯ ತುದಿಯನ್ನು ಮುಟ್ಟುವಾಗ ಲೋಹ ಬಡಿದಂಥ ಚಿಕ್ಕ ‘ಟಿಕ್’ ಶಬ್ದ ಕೇಳಿದರೆ ಮೇಲಿನ ನಿರ್ವಾತ ಶುದ್ಧವಾಗಿದೆ ಎಂದರ್ಥ. ಅದೇ ಪಾದರಸ ವೇಗವಾಗಿ ಬಡಿದರೆ ಗಾಜು ಒಡೆಯುತ್ತದೆ. ಆ ಓರೆಯಲ್ಲೇ ಒಯ್ಯಬೇಕು. ದೂರದ ಪ್ರಯಾಣವಿದ್ದರೆ ತಿಳಿದವರಿಂದ ತೆರೆದ ಬಾಯಿಗೆ ಬಿರಡೆ ಹಾಕಿಸಬೇಕು.

ತೂಗುಹಾಕಲು ಬಿಸಿಲು ಬೀಳದ, ಒಲೆ ಹೀಟರುಗಳಿಂದ ದೂರದ ಒಳಗೋಡೆ ಒಳ್ಳೆಯದು. ಬಿಸಿಗೆ ಪಾದರಸ ಹಿಗ್ಗುತ್ತದೆ, ತೆಳು ಮರದ ಹೊದಿಕೆ ಏಳುತ್ತದೆ. ಜನ ಓಡಾಡುವ ಬಾಗಿಲ ಬಳಿ, ಕಣ್ಣಿನ ಎತ್ತರಕ್ಕೆ ಇರಲಿ. ಕೊಳ್ಳುವ ಮೊದಲು ಆನೆರಾಯ್ಡ್ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಅದನ್ನು ಕೈಯಲ್ಲಿ ಹಿಡಿದು ಲಿಫ್ಟಿನಲ್ಲಿ ಹತ್ತು ಮಹಡಿ ಮೇಲೆ ಹೋಗಿ. ಮೂವತ್ತು ಮೀಟರಿಗೆ ಒತ್ತಡ ಮೂರೂವರೆ ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿಯುತ್ತದೆ, ಅಂದರೆ ಫಲಕದ ಮೇಲೆ ಒಂದು ಅಂಗುಲದ ಹತ್ತನೆಯ ಒಂದು ಭಾಗ. ಮೇಲೆ ತಲುಪಿದಾಗ ಗಾಜನ್ನು ಮೆಲ್ಲನೆ ತಟ್ಟಿ. ಮುಳ್ಳು ಎಡಕ್ಕೆ ಸರಿದು, ಕೆಳಗಿಳಿದಾಗ ಮತ್ತೆ ಮೊದಲಿನ ಜಾಗಕ್ಕೇ ಬಂದರೆ ಧಾರಾಳವಾಗಿ ಕೊಳ್ಳಿ, ಚೌಕಟ್ಟಿನಲ್ಲಿ ನಾಲ್ಕು ಗೀರುಗಳಿದ್ದರೂ ಚಿಂತೆಯಿಲ್ಲ.